ಎಂಟು ಮನೆಗಳೂ ನನ್ನ ಕಂಠವೂ

ನಾನು ಹನ್ನೊಂದು ವರ್ಷ ಒಪೆರಾ ಗಾಯನ ಕಲಿತವಳು. ಹೆಲ್ಸಿಂಕಿಯ ಗುರುಗಳು ನನ್ನ ಹೊಟ್ಟೆಯ ಮೇಲೆ ದಪ್ಪ ಪುಸ್ತಕಗಳನ್ನಿಟ್ಟು ಉಸಿರಾಡಿಸಿದ್ದಾರೆ. ಈಗ ಅದೇ ಉಸಿರಿನಲ್ಲಿ ಸಿಂಫೋನಿಕ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಹಾಡುತ್ತೇನೆ. ಹಿಂದೆ ಎರಡು ಗಿಟಾರು, ಡ್ರಮ್ಮು, ಪಕ್ಕದಲ್ಲಿ ಗಂಟಲು ಹರಿದುಕೊಳ್ಳುವ ಗಡ್ಡದವನೊಬ್ಬ. (ಗಡ್ಡದವನು ಹಗಲು ಹೊತ್ತು ಶಿಶುವಿಹಾರದ ಮೇಷ್ಟ್ರು. ಮಕ್ಕಳು ಅವನ ಮಾತು ಚೆನ್ನಾಗಿ ಕೇಳುತ್ತವಂತೆ.) ಇದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಂಡಿಲ್ಲ. ಕಾಣುವುದೂ ಇಲ್ಲ.

ಹೀಗಿರುವಾಗ ಮಾರ್ಚ್‌ನಲ್ಲಿ ತಾಂಪೆರೆ ಪಟ್ಟಣದ ನಮ್ಮ ಕಟ್ಟಡದ ಮೆಟ್ಟಿಲ ಬಳಿ, ಎಲ್ಲರಿಗೂ ಸೇರಿದ ಹಬೆಸ್ನಾನದ ಕೋಣೆ, ಅಂದರೆ ಸೌನಾದ, ಸರದಿ ಪಟ್ಟಿಯ ಪಕ್ಕದಲ್ಲಿ ಒಂದು ಚೀಟಿ ಕಂಡಿತು. "ಮೂರನೇ ಮಹಡಿಯ ಶಬ್ದ ನಿಲ್ಲಬೇಕು. ಸಹನೆಗೂ ಮಿತಿಯಿದೆ. ಇಂತಿ, ನೆರೆಯವರು." ಮೂರನೇ ಮಹಡಿ ಅಂದರೆ ನಾವು. ಬರೆದವರ ಹೆಸರಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ನಮ್ಮವರು ಬಾಗಿಲು ತಟ್ಟುವುದಿಲ್ಲ. ಅಂಟಿಸಲು ಟೇಪು ಹುಡುಕುತ್ತಾರೆ.

ಗಂಡ ಇಲ್ಪೊನ ಮುಂದೆ ಕುದಿದೆ. ಅವನು ಟ್ರಾಮ್ ಓಡಿಸುವವನು; ಮನೆಯಲ್ಲಿ ಆಡುವ ಮಾತು ದಾರಿಯ ನಿಲ್ದಾಣಗಳಿಗಿಂತ ಕಡಿಮೆ.

"ಚೀಟಿ ನೋಡಿದ್ಯಾ?"

"ಹೂಂ."

"ಬೇಸಿಗೇಲಿ ದೊಡ್ಡ ಉತ್ಸವ ಇದೆ. ಮನೇಲಿ ಹಾಡ್ಬಾರ್ದು ಅಂದ್ರೆ ಕಾಡಿಗೆ ಹೋಗಿ ಮೊಲಗಳ ಮುಂದೆ ಹಾಡ್ಲಾ?"

"ಕಾಡು ಹತ್ರಾನೇ ಇದೆ," ಅಂದ ಇಲ್ಪೊ, ಕಾಫಿ ಬಗ್ಗಿಸಿಕೊಳ್ಳುತ್ತ.

ಅಂದೇ ನಾನೂ ಚೀಟಿ ಅಂಟಿಸಿದೆ: "ಅದು ಶಬ್ದವಲ್ಲ, ಮೆಟಲ್. ನಿಲ್ಲುವುದಿಲ್ಲ. ಇಂತಿ, ಸಿನಿಕ್ಕಾ." ಅದುವರೆಗೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುತ್ತಿದ್ದ ಅಭ್ಯಾಸವನ್ನು ಬೇಕೆಂದೇ ಏಳಕ್ಕೆ ತಂದೆ. ಮೊದಲು ಒಂದು ಗಂಟೆ ಸ್ವರಾಭ್ಯಾಸ. ಆಮೇಲೆ ಕಿಟಕಿ ತೆರೆದು, ಗಿಟಾರಿನ ಧ್ವನಿಮುದ್ರಣ ಹಾಕಿಕೊಂಡು ಹಾಡು.

ಏಪ್ರಿಲ್‌ನಲ್ಲಿ ಕಟ್ಟಡದ ವಾರ್ಷಿಕ ಸಭೆ. ಸೌನಾಕ್ಕೆ ಹೊಸ ಕಲ್ಲು, ಸೈಕಲ್ ಕೋಣೆಯ ಬೀಗ, ಕೊನೆಗೆ ಇತರೆ ವಿಷಯಗಳು. ಇತರೆ ಅಂದರೆ ನಾನು. ಎಂಟು ಮನೆಯವರೂ ಏಲಕ್ಕಿ ಬನ್ನು ಹಿಡಿದು ತಂತಮ್ಮ ಬೂಟು ನೋಡುತ್ತ ಕುಳಿತಿದ್ದರು. ನಾನು ಎದ್ದೆ.

"ಕ್ಷಮೆ ಕೇಳೋಕೆ ಬಂದಿಲ್ಲ ನಾನು. ಕಪ್ಪು ಬಟ್ಟೆ ಹಾಕ್ಕೊಂಡು ಡ್ರಮ್ ಮುಂದೆ ನಿಂತ್ರೆ ವಿದ್ಯೆ ಹಾಳಾಯ್ತು ಅನ್ನೋರು ಒಂದ್ಸಲ ಆ ಸದ್ದಿನ ಮೇಲೆ ಸ್ವರ ನಿಲ್ಸಿ ತೋರ್ಸಿ. ನನ್ನ ಮನೇಲಿ ನಾನು ಹಾಡೇ ಹಾಡ್ತೀನಿ."

ನನಗೇ ಕಣ್ಣು ತುಂಬಿತು. ವಿದ್ಯೆ ಹಾಳಾಯಿತು ಅಂದಿದ್ದ ಗುರುಗಳಿಗೆ ಹೇಳಲಾಗದ್ದನ್ನು ಕಡೆಗೂ ಯಾರಿಗೋ ಹೇಳಿದ್ದೆ.

ಅಧ್ಯಕ್ಷೆ, ಎಪ್ಪತ್ತೊಂಬತ್ತರ ಓರ್ವೊಕ್ಕಿ ಅಜ್ಜಿ, ಕನ್ನಡಕ ಒರೆಸಿಕೊಂಡರು.

"ಮೆಟಲ್ ಬೇಡ ಅಂತ ಯಾರಮ್ಮ ಅಂದಿದ್ದು? ನೀನು ಕಿಟಕಿ ತೆಗೆದಾಗ ನಾನೂ ತೆಗೀತೀನಿ. ನಿನ್ನ ರೆಕಾರ್ಡ್ ಹಾಕ್ಕೊಂಡೇ ನಾನು ಜಮಖಾನ ಒಗೆಯೋದು."

"ಮತ್ತೆ ಆ ಚೀಟಿ?"

"ಅದಕ್ಕೂ ಮುಂಚೆ ಒಂದು ಗಂಟೆ ಆ-ಆ-ಆ ಅಂತೀಯಲ್ಲ, ಬಾಗಿಲಿಗೆ ಬಾಲ ಸಿಕ್ಕಿದ ಬೆಕ್ಕಿನ ಥರ. ಇಷ್ಟು ಚೆನ್ನಾಗಿ ಹಾಡೋಳಿಗೆ ಅದೆಲ್ಲ ಯಾಕೆ?"

"ಅದೇ ನನ್ನ ಹನ್ನೊಂದು ವರ್ಷ," ಎಂದೆ.

"ಪಾಪ," ಅಂದರು ಎರಡನೇ ಮಹಡಿಯವರು.

ಮತಕ್ಕೆ ಹಾಕಿದರು, ಮನೆಗೊಂದು ಮತ. ಮೆಟಲ್‌ಗೆ ಅಡ್ಡಿಯಿಲ್ಲ, ಸ್ವರಾಭ್ಯಾಸ ಮಾತ್ರ ಯುದ್ಧ ಬಂದರೆ ಇರಲಿ ಅಂತ ನೆಲಮಾಳಿಗೆಯಲ್ಲಿ ಕಟ್ಟಿರುವ ಬಾಂಬು ಆಶ್ರಯದಲ್ಲಿ, ಉಕ್ಕಿನ ಬಾಗಿಲು ಹಾಕಿಕೊಂಡು. ಮೆಲ್ಲಗೆ ಒಂದೊಂದಾಗಿ ಕೈಗಳು ಎದ್ದವು. ನಮ್ಮ ಮನೆ ಬಿಟ್ಟು ಏಳು ಬರಬೇಕಿತ್ತು, ಎಂಟು ಬಂದವು. ನಮ್ಮ ಮನೆ ಇಲ್ಪೊನ ಹೆಸರಿನಲ್ಲಿದೆ, ಮತವೂ ಅವನದೇ. ಬಲಗೈಯಲ್ಲಿ ಬನ್ನು ಇದ್ದುದರಿಂದ ಅವನು ಎಡಗೈ ಎತ್ತಿದ್ದ.