ತಿಥಿಯೂಟದ ವಿಳಾಸ

ಇಪ್ಪತ್ತು ವರ್ಷದಿಂದ ಬಾಯಿಪಾಠವಾಗಿದ್ದ ಒಂದು ಸಾಲನ್ನು ತ್ವಾನ್ ಆ ದಿನವೂ ಹಾಗೆಯೇ ಒಪ್ಪಿಸಿಬಿಟ್ಟ. ಎಲ್ಲ ಅನಾಹುತಕ್ಕೂ ಅದೇ ಮೂಲವಾಯಿತು.

ಅಂದು ಅವನ ತಾಯಿಯ ತಿಥಿ. ಹುವೆ ನಗರದ ಹಳೆಯ ಮನೆಯಲ್ಲಿ ಹಿರಿಯರ ಪೀಠದ ಮೇಲೆ ಇಡಿಯಾಗಿ ಬೇಯಿಸಿದ ಕೋಳಿ, ಸೀಗಡಿ ಪುಡಿ ಉದುರಿಸಿದ ಅಕ್ಕಿಹಿಟ್ಟಿನ ಬಿಲ್ಲೆಗಳು, ಕಮಲಬೀಜದ ಪಾಯಸ ಹಬೆಯಾಡುತ್ತಿದ್ದವು. ಊದುಬತ್ತಿ ಹಚ್ಚಿ, ಸತ್ತವರನ್ನು ಊಟಕ್ಕೆ ಕರೆಯುವಾಗ ಮನೆಯ ಪೂರ್ತಿ ವಿಳಾಸ ಹೇಳಬೇಕು. ಹೇಳದಿದ್ದರೆ ಪಾಪ, ಅವರು ದಾರಿ ತಪ್ಪಿ ಇನ್ಯಾರದೋ ಮನೆಯ ಬಟ್ಟಲಿನ ಮುಂದೆ ಕೂರುತ್ತಾರೆ. ತ್ವಾನ್ ಕಣ್ಣು ಮುಚ್ಚಿ ರಾಗವಾಗಿ ಕರೆದ: "ಥುವಾ ಥಿಯೆನ್ ಹುವೆ ಪ್ರಾಂತ, ಹುವೆ ಪಟ್ಟಣ..." ವಾರ್ಡು, ಗಲ್ಲಿ, ಮನೆ ನಂಬರು ಎಲ್ಲ ಹೇಳಿ, ಮೂರು ಸಲ ಬಾಗಿ, ತೃಪ್ತಿಯಿಂದ ಕಣ್ಣು ಬಿಟ್ಟ.

ಹಿಂದಿನ ಸಾಲಿನಿಂದ ಪಕ್ಕದ ಮನೆಯ ಸೇನಜ್ಜಿ ಕೇಳಿದಳು, "ತ್ವಾನಪ್ಪಾ, ಆ ಪ್ರಾಂತ ಈಗ ಎಲ್ಲಿದೆ?"

ತ್ವಾನನ ಮುಖ ಬಸಿದ ಅನ್ನದಂತಾಯಿತು.

ಆ ಪ್ರಾಂತ ಎಲ್ಲೂ ಇರಲಿಲ್ಲ. ಜನವರಿಯಲ್ಲೇ ಅದನ್ನು ಅಳಿಸಿ, ಊರು ಕೇರಿ ಗದ್ದೆ ಬೆಟ್ಟ ಎಲ್ಲವನ್ನೂ ಸೇರಿಸಿ, ಕೇಂದ್ರ ಸರ್ಕಾರದ ನೇರ ಕೈಕೆಳಗಿನ ನಗರ ಮಾಡಿಯಾಗಿತ್ತು. ಜುಲೈ ಒಂದಕ್ಕೆ ಜಿಲ್ಲೆಗಳೂ ಹೋಗಿ, ಮೂರು ನಾಲ್ಕು ವಾರ್ಡುಗಳನ್ನು ಹಿಟ್ಟಿನಂತೆ ನಾದಿ ಒಂದೊಂದು ಮಾಡಿದ್ದರು. ಇದು ಗೊತ್ತಿಲ್ಲ ಎನ್ನಲು ತ್ವಾನನಿಗೆ ಬಾಯಿರಲಿಲ್ಲ. ವಾರ್ಡು ಕಚೇರಿಯ ಕಿಟಕಿಯಲ್ಲಿ ಕೂತು ಆರು ತಿಂಗಳಿಂದ "ಹಳೇ ವಿಳಾಸ ನಡೆಯೋದಿಲ್ಲ, ತಿದ್ದಿಕೊಂಡು ಬನ್ನಿ" ಎಂದು ಜನರನ್ನು ಅಟ್ಟುತ್ತಿದ್ದ ಗುಮಾಸ್ತ ಅವನೇ. ಸೇನಜ್ಜಿಯನ್ನು ಒಂದೇ ಅರ್ಜಿಗೆ ಮೂರು ಸಲ ಅಟ್ಟಿದ್ದ.

"ಹಳೇ ವಿಳಾಸ ನಡೆಯೋದಿಲ್ಲ ಕಣಪ್ಪ," ಎಂದಳು ಅಜ್ಜಿ, ಬಹಳ ಮೃದುವಾಗಿ. "ತಿದ್ದಿಕೊಂಡು ಬಾ."

ಹಿಂದೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ತ್ವಾನನಿಗೆ ಕಿವಿಯ ತುದಿಯವರೆಗೆ ಬಿಸಿ ಹತ್ತಿತು. ಆ ನಗುವನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಅಂದು ದಾ ನಾಂಗ್ ನಗರದಿಂದ ತಮ್ಮ ವಿನ್ ಹೆಂಡತಿ ಸಮೇತ ಬಂದಿದ್ದ. ಅಮ್ಮನ ತಿಥಿಯನ್ನು ಇನ್ನು ಮುಂದೆ ತನ್ನ ಎರಡಂತಸ್ತಿನ ಮನೆಯಲ್ಲಿ ಮಾಡುವುದೆಂದು ಅವನು ವರ್ಷದಿಂದ ಜಗ್ಗುತ್ತಿದ್ದ. ಊಟವಾದ ಮೇಲೆ ಬಂಧುಗಳು ಅದನ್ನು ತೀರ್ಮಾನಿಸುವವರಿದ್ದರು. ಹಿರಿಯ ಮಗನ ಮನೆಯಿಂದ ತಾಯಿಯ ತಿಥಿ ಹೋಯಿತೆಂದರೆ ಆ ಗಲ್ಲಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

"ಬಿಡಿ ಭಾವ," ಎಂದಳು ತಮ್ಮನ ಹೆಂಡತಿ ಥುಯ್, ಬೀಸಣಿಗೆ ಆಡಿಸುತ್ತ. "ನಾವು ಇಪ್ಪತ್ತೆಂಟು ವರ್ಷದಿಂದ ನೇರ ಕೇಂದ್ರದ ಕೆಳಗಿದ್ದೀವಿ, ನಮಗೆ ಅಭ್ಯಾಸ. ನಿಮ್ಮೂರು ಈಗ ತಾನೆ ಕಣ್ಣು ಬಿಟ್ಟಿರೋದು."

"ಇನ್ನೊಂದ್ಸಲ ಕರೀತೀನಿ. ಅದಕ್ಕೇನೀಗ," ಎಂದ ತ್ವಾನ್.

ಅದಕ್ಕೆ ಏನೆಂದು ಅಡುಗೆಮನೆಯಿಂದ ಅವನ ಹೆಂಡತಿ ದಿಯೆಪ್ ಹೇಳಿದಳು. "ಒಂದ್ಸಲ ಇಟ್ಟದ್ದನ್ನ ಮತ್ತೆ ಇಡೋ ಹಾಗಿಲ್ಲ. ಆ ಕೋಳಿ ಈಗ ಎಂಜಲು."

"ಯಾರ ಎಂಜಲು? ಅಮ್ಮ ಬಂದೇ ಇಲ್ವಲ್ಲ."

"ಹಳೇ ವಿಳಾಸಕ್ಕೆ ಯಾರು ಬಂದ್ರೋ ಅವರದು."

ಈ ಮಾತಿಗೆ ಎಲ್ಲರೂ ಪೀಠದತ್ತ ಒಮ್ಮೆ ನೋಡಿ ಸ್ವಲ್ಪ ಹಿಂದೆ ಸರಿದು ಕೂತರು. ತ್ವಾನ್ ಮಡಿ ಅಂಗಿಯಲ್ಲೇ ಸ್ಕೂಟರ್ ಹತ್ತಿ ಸಂತೆಗೆ ಹೋದ. ಹನ್ನೊಂದು ಗಂಟೆಯ ಸಂತೆಯಲ್ಲಿ ಉಳಿದಿದ್ದ ಕೋಳಿ ನಿವೃತ್ತ ಮೇಷ್ಟ್ರಂತೆ ಬಡಕಲಾಗಿತ್ತು. ಅದನ್ನೇ ತಂದ. ಅದು ಬೇಯಲು ಒಂದೂವರೆ ಗಂಟೆ ತೆಗೆದುಕೊಂಡಿತು. ಅಷ್ಟೂ ಹೊತ್ತು ನೆಂಟರು ಹಸಿದ ಹೊಟ್ಟೆಯಲ್ಲಿ ಕೂತು ತ್ವಾನನ ಬಾಲ್ಯದಿಂದ ಈಚಿನ ಮರೆವುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡರು.

ಎರಡನೆಯ ಸಲ ಅವನು ಕಾಗದದಲ್ಲಿ ಬರೆದುಕೊಂಡೇ ಓದಿದ. ಹುವೆ ನಗರ, ಹೊಸ ವಾರ್ಡು, ಎಲ್ಲ ಸರಿ. ಅಮ್ಮ ಬಂದಳೋ ಇಲ್ಲವೋ ಎಂದು ತಿಳಿಯಲು ಒಂದು ಮುಖಕ್ಕೆ ಸುಣ್ಣ ಬಳಿದ ಎರಡು ನಾಣ್ಯಗಳನ್ನು ತಟ್ಟೆಗೆ ಹಾಕಿದ. ಒಂದು ಬಿಳಿ, ಒಂದು ಕರಿ ಬಿದ್ದರೆ ಹೌದು.

ಎರಡೂ ಕರಿ.

"ಇನ್ನೊಮ್ಮೆ ಹಾಕು," ಎಂದ ವಿನ್. ಅವನ ದನಿಯಲ್ಲಿ ಮರುಕವಿತ್ತು. ಅದೇ ತ್ವಾನನಿಗೆ ಹೆಚ್ಚು ಚುಚ್ಚಿತು.

ಎರಡೂ ಬಿಳಿ.

"ನೆಲದ ದೇವರಿಗೆ ಹೇಳಿದೆಯಾ?" ಎಂದಳು ಸೇನಜ್ಜಿ. "ವಾರ್ಡು ಬದಲಾಗಿದ್ದು ಅವನಿಗೇ ಗೊತ್ತಿಲ್ಲದಿದ್ರೆ ನಿಮ್ಮಮ್ಮನ್ನ ಬಾಗಿಲಲ್ಲೇ ನಿಲ್ಲಿಸ್ತಾನೆ. ಅವನೂ ನಿನ್ನ ಹಾಗೇ, ಕಾಗದ ಸರಿಯಿಲ್ದೆ ಒಳಗೆ ಬಿಡೋನಲ್ಲ."

ತ್ವಾನ್ ಅಂಗಳಕ್ಕೆ ಹೋಗಿ ನೆಲದ ದೇವರ ಮುಂದೆ ಮಂಡಿಯೂರಿದ. ಬಾಯಿಮಾತು ಸಾಲದೆಂದು ಸೇನಜ್ಜಿಯೇ ಹೇಳಿದ್ದರಿಂದ, ಕಚೇರಿಯ ಚೀಲದಲ್ಲಿದ್ದ ವಾರ್ಡು ವಿಲೀನದ ಪ್ರಕಟಣೆಯ ಪ್ರತಿಯೊಂದನ್ನು ತಂದು, ಕೆಂಪು ಮೊಹರು ಮೇಲೆ ಬರುವಂತೆ ಹಿಡಿದು, ಸುಟ್ಟು ದೇವರಿಗೆ ತಲುಪಿಸಿದ. ಬೇಲಿಯಾಚೆ ಗಲ್ಲಿಯ ಅರ್ಧ ಜನ ನಿಂತಿದ್ದರು. ಕಿಟಕಿಯ ಮುಂದೆ ಅವನು ಸಾಲಾಗಿ ನಿಲ್ಲಿಸುತ್ತಿದ್ದ ಜನವೇ. ಈಗಲೂ ಸಾಲಾಗಿಯೇ ನಿಂತಿದ್ದರು.

"ಪ್ರತಿಗೆ ದೃಢೀಕರಣ ಬೇಡ್ವಾ ಸಾರ್?" ಎಂದ ಒಬ್ಬ, ತೀರ ಗಂಭೀರವಾಗಿ.

ತ್ವಾನ್ ಎದ್ದು ಬಂದು ಮೂರನೆಯ ಸಲ ನಾಣ್ಯ ಹಾಕಿದ. ಮತ್ತೆ ಎರಡೂ ಕರಿ. ಮೂರರ ಮೇಲೆ ಕೇಳುವ ಪದ್ಧತಿಯಿಲ್ಲ. ತಾಯಿಯ ಫೋಟೋ ನೋಡಲು ಅವನಿಗೆ ಮುಖವಿರಲಿಲ್ಲ. ಜೀವವಿದ್ದಾಗ ಒಂದು ದಿನವೂ ಊಟಕ್ಕೆ ತಡಮಾಡದವಳು ತನ್ನಿಂದಾಗಿ ಈ ಬಿಸಿಲಲ್ಲಿ ಯಾವ ಬೀದಿಯ ಬೋರ್ಡು ಓದುತ್ತ ಅಲೆಯುತ್ತಿದ್ದಾಳೋ ಎನ್ನಿಸಿತು.

"ನಮ್ಮ ಕಡೆ ಹೋಗಿದ್ದಾರೇನೋ, ಕೇಳಿ ನೋಡ್ರೀ," ಎಂದು ಥುಯ್ ಗಂಡನಿಗೆ ಹೇಳಿದಳು. ತಮಾಷೆಗೆ ಹೇಳಿದ್ದು.

ವಿನ್ ಹಿಂಜರಿಯುತ್ತಲೇ ನಾಣ್ಯ ತೆಗೆದುಕೊಂಡ. "ಅಮ್ಮಾ, ದಾ ನಾಂಗ್ ನಗರದಲ್ಲಿದ್ದೀಯಾ?"

ಒಂದು ಬಿಳಿ, ಒಂದು ಕರಿ.

ವಿನ್ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಅಣ್ಣನತ್ತ ನೋಡಿದ. "ನಾನೇನೂ ಮಾಡ್ಲಿಲ್ಲ ಅಣ್ಣ. ಸುಮ್ನೆ ಹಾಕಿದೆ."

ಥುಯ್ ಬೀಸಣಿಗೆ ನಿಲ್ಲಿಸಿ ಹಿಗ್ಗಿದಳು. "ನೋಡಿ, ಅತ್ತೆಗೆ ನಮ್ಮನೇನೇ ಇಷ್ಟ."

ಮೂಲೆಯಲ್ಲಿ ಕೂತು ವೀಳ್ಯ ಜಗಿಯುತ್ತಿದ್ದ ಕುಕ್ ಚಿಕ್ಕಮ್ಮ, ಸತ್ತವಳ ಒಡಹುಟ್ಟಿದ ತಂಗಿ, ಮೊದಲ ಬಾರಿಗೆ ಬಾಯಿ ತೆರೆದಳು. "ನಿಮ್ಮನೆಗ್ಯಾಕೆ ಬರ್ತಾಳೆ ಕಣೇ. ತವರಿಗೆ ಹೋಗಿದ್ದಾಳೆ. ಈ ಜುಲೈ ಒಂದನೇ ತಾರೀಕಿಂದ ನಮ್ಮ ಕ್ವಾಂಗ್ ನಾಮ್ ಪ್ರಾಂತಾನ ಪೂರ್ತಿ ದಾ ನಾಂಗ್ ನಗರಕ್ಕೆ ಸೇರಿಸಿದ್ರಲ್ಲ. ಇಪ್ಪತ್ತು ವರ್ಷದಿಂದ ಕರೆದ ಹೊತ್ತಿಗೆ ಸರಿಯಾಗಿ ಬರ್ತಿದ್ಲು. ಇವತ್ತು ಇವನು ಕರೆದ ಪ್ರಾಂತಾನೇ ಇಲ್ಲ ಅಂದ್ಮೇಲೆ, ಸದ್ಯ, ಒಂದು ನೆಪ ಸಿಕ್ತು ಅಂತ ಅಮ್ಮನ ಮನೆ ಹಾದಿ ಹಿಡಿದಳು."

ತವರಿಗೆ ಹೋದ ಹೆಣ್ಣನ್ನು ಊಟದ ದಿನ ಎಳೆದು ತರುವ ಧೈರ್ಯ ಬಂಧುಗಳಲ್ಲಿ ಯಾರಿಗೂ ಇರಲಿಲ್ಲ. ಮನೆ ವಿನ್‌ನದಾಗಲಿ ಯಾರದಾಗಲಿ, ನಗರವಂತೂ ಅದೇ ಎಂದರು. ಬಡಕಲು ಕೋಳಿಯ ಕಾಲು ಮುರಿಯುವಷ್ಟರಲ್ಲಿ ತೀರ್ಮಾನವಾಯಿತು: ಮುಂದಿನ ವರ್ಷದಿಂದ ತಿಥಿ ದಾ ನಾಂಗಿನಲ್ಲಿ. ತ್ವಾನ್ ತಲೆಯಾಡಿಸಿದ.

ಹೊರಡುವಾಗ ಥುಯ್ ಒಂದು ಕಾಗದ, ಪೆನ್ನು ಹಿಡಿದು ಅವನ ಬಳಿ ಬಂದಳು. ಈ ಬಾರಿ ಅವಳ ದನಿ ತಗ್ಗಿತ್ತು. "ಭಾವ, ನಮ್ಮ ವಾರ್ಡೂ ಬದಲಾಗಿದೆ. ಇವರಿಗೆ ಒಂದೂ ಗೊತ್ತಾಗಲ್ಲ. ಮುಂದಿನ ವರ್ಷ ಅತ್ತೇನ ಕರೆಯೋಕೆ ನಮ್ಮನೆ ವಿಳಾಸ ಸರಿಯಾಗಿ ಬರ್ಕೊಡ್ತೀರಾ? ನಿಮಗಿಂತ ಚೆನ್ನಾಗಿ ಇದು ಇನ್ಯಾರಿಗೆ ಗೊತ್ತು?"

ತ್ವಾನ್ ತಾಯಿಯ ಫೋಟೋದ ಕೆಳಗೆ ಚಾಪೆಯ ಮೇಲೆ ಕೂತ. ಹಳೆಯ ವಾರ್ಡು ಯಾವುದೆಂದು ಕೇಳಿ ತಿಳಿದು, ಹೊಸದು ಯಾವುದಾಗುತ್ತದೆಂದು ಲೆಕ್ಕ ಹಾಕಿ, ಕಚೇರಿಯ ದುಂಡು ಅಕ್ಷರದಲ್ಲಿ ನಿಧಾನವಾಗಿ ಬರೆದ. ನಗರ, ವಾರ್ಡು, ರಸ್ತೆ, ಮನೆ ನಂಬರು. ಎರಡು ಸಲ ಓದಿ ನೋಡಿದ. ಒಂದಕ್ಷರವೂ ತಪ್ಪಿರಲಿಲ್ಲ.