ಗಾಳಿಯ ಜೊತೆ ಮಾವನ ಜಗಳ

ನಮ್ಮ ಸೋದರಮಾವನ ಮೀಸೆ ತೆಗೆಸಲು ಎರಡಾಣೆ ಖರ್ಚಾಯಿತು. ಕ್ಷೌರಿಕ ಕೇಳಿದ್ದು ನಾಲ್ಕಾಣೆ. ಅಂಥ ಮೀಸೆ ಬೋಳಿಸಿದ ಪಾಪಕ್ಕೆ ಎರಡಾಣೆ ಬೇರೆಯಂತೆ! ನಾನು ತಲೆಯ ಮೇಲೆ ಮಾವಿನ ಕುಕ್ಕೆ ಹೊತ್ತು ವ್ಯಾಪಾರ ಕಲಿತವನು. ಪಾಪದ ಬಾಬ್ತನ್ನು ಹೊಡೆದುಹಾಕಿಸಿದೆ. ಮೀಸೆ ಯಾಕೆ ಹೋಯಿತು ಅಂತೀರಾ? ಅದು ಗಾಳಿಯನ್ನು ಹಿಡಿದುಕೊಳ್ಳುತ್ತದಂತೆ!

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸು ಇದ್ದಿಲು ಉರಿಸಿದ ಹೊಗೆಯ ಬಲದಲ್ಲಿ ಓಡಬೇಕು, ಓಡಿದರೆ ಓಡಿತು. ಅತ್ತೆಗೆ ಉಬ್ಬಸ. ಔಷಧಿ ಕೋಲಾರದ ಆಸ್ಪತ್ರೆಯಲ್ಲೇ ಸಿಗಬೇಕು. ಹನ್ನೊಂದಕ್ಕೆ ಅಲ್ಲಿ ಚೀಟಿ, ಔಷಧಿ ಕೊಡುವ ಕಿಟಕಿ ಮುಚ್ಚುತ್ತಾರೆ. ಶ್ರೀನಿವಾಸಪುರದಿಂದ ಮಾವನ ಸೈಕಲ್ಲೇ ಗತಿ. ಒಮ್ಮೆ ಆಷಾಢದ ಎದುರುಗಾಳಿಯಲ್ಲಿ ತಡವಾಗಿ ಖಾಲಿ ಸೀಸೆ ವಾಪಸ್ಸು ಬಂತು. ಆ ವಾರವೆಲ್ಲ ಅತ್ತೆ ಮಲಗಲಾರದೆ ಗೋಡೆಗೊರಗಿ ಕೂತೇ ಕಳೆದರು. ಅವತ್ತಿಂದ ಶುರುವಾಯಿತು, ಮಾವನಿಗೂ ಗಾಳಿಗೂ ಹಗೆ!

ರುಮಾಲು ಬಿಟ್ಟರು. ಪಟಪಟ ಅನ್ನುವ ಅಂಗಿಗೆ ಗೋಣಿದಾರ ಸುತ್ತಿದರು. ಗದ್ದವನ್ನು ಹ್ಯಾಂಡಲ್ಲಿಗೆ ಊರಿ ತುಳಿದರೆ, ಸವಾರನಿಲ್ಲದ ಸೈಕಲ್ಲೆಂದು ದಾರಿಯ ಎತ್ತುಗಳು ಬೆದರಿ ಹೊಲಕ್ಕಿಳಿಯುತ್ತಿದ್ದವು!

“ಮಾವ, ಇದೇನು ವೇಷ?”

“ಲೇ, ರಾಗಿ ತೂರೋದು ನೋಡಿಲ್ವೇನ್ಲಾ? ಹೊಟ್ಟು ಹಾರುತ್ತೆ, ಕಾಳು ನೆಟ್ಟಗೆ ಬೀಳುತ್ತೆ. ನಾನು ಕಾಳಾಗ್ಬೇಕು ಕಣೋ!”

ಒಳಗಿಂದ ಅತ್ತೆ ಕೂಗಿದರು: “ಹುಬ್ಬಾದ್ರೂ ಉಳಿಸ್ಕೊಳ್ಳಪ್ಪಾ ನಾಯನಾ, ನಾಳೆ ನಾನು ಗುರುತು ಹಿಡಿಯೋದು ಹೆಂಗೆ?”

ಮರುವರ್ಷ ಆಷಾಢದಲ್ಲಿ ಡಾಕ್ಟರು, ರೋಗಿಯನ್ನೇ ಕರೆತನ್ನಿ ಅಂದರು. ಬಸ್ಸು ಬರಲಿಲ್ಲ. ಮಾವ ಅತ್ತೆಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರು. ಹಿಂದೆ ನನ್ನ ಸೈಕಲ್ಲು. ಊರು ದಾಟಿದ್ದೇ ತಡ, ಎದುರುಗಾಳಿ, ಕೆಂಪು ಧೂಳು. ಅತ್ತೆಗೆ ಕೆಮ್ಮು ಹತ್ತಿತು. ಮಾವ ಇಳಿದು ನಾನು ಹೊದ್ದಿದ್ದ ಕಂಬಳಿ ಕಿತ್ತುಕೊಂಡರು. ಹೆಗಲ ಮೇಲೆ ಅಗಲಕ್ಕೆ ಹರಡಿ, ಬೆನ್ನು ನೆಟ್ಟಗೆ ಮಾಡಿ ಕೂತರು.

“ಮಾವ, ಬಗ್ಗಿ! ಹನ್ನೊಂದಕ್ಕೆ ಮುಟ್ಟಲ್ಲ!”

“ನಾನು ಬಗ್ಗಿದ್ರೆ ಅವಳ ಮುಖಕ್ಕೆ ಹೊಡೆಯುತ್ತೆ ಕಣೋ. ನೀನು ಮುಂದೆ ಹೋಗಿ ಕಿಟಕಿ ಮುಚ್ಚದಂಗೆ ಹಿಡ್ಕೋ.”

ಹೋದೆ. ಕಿಟಕಿಯ ಕಾಂಪೌಂಡರನ ಹತ್ತಿರ ಅರ್ಧ ಗಂಟೆಯ ವಾಯಿದೆ ಕೇಳಿದೆ. ಕಾಲು ಗಂಟೆಗೆ ಒಪ್ಪಿದ. ಅದು ಮುಗಿಯುವ ಹೊತ್ತಿಗೆ ಸೈಕಲ್ಲು ಬಂತು. ಮಾವನ ರೆಪ್ಪೆಯ ತನಕ ಕೆಂಪು ಧೂಳು. ಅವರ ಬೆನ್ನಿಗೆ ಕೆನ್ನೆಯಿಟ್ಟಿದ್ದ ಅತ್ತೆಯ ಉಸಿರು ಸಲೀಸಾಗಿ ಆಡುತ್ತಿತ್ತು.

ಆದ್ದರಿಂದ ನನ್ನ ಮಾತು ಕೇಳಿ. ಎದುರುಗಾಳಿಯಲ್ಲಿ ಒಬ್ಬರೇ ಹೋಗುವಾಗ ಬಗ್ಗಿ ತುಳಿಯಿರಿ. ಹಿಂದೆ ಯಾರನ್ನಾದರೂ ಕೂರಿಸಿಕೊಂಡಿದ್ದರೆ ಒಂದು ಗಂಟೆ ಮೊದಲೇ ಹೊರಡಿ, ನೆಟ್ಟಗೆ ಕೂರಿ.