ಜಿಲೇಬಿ ಮೀನಿಗೆ ಊಟ ಮಾಡಿಸಿದ್ದು

ವಿಜ್ಞಾನದಲ್ಲಿ ಏನೇ ಸಂಶಯ ಬಂದರೂ ಗುಂಡ್ಲುಪೇಟೆಯ ಜನ ನನ್ನನ್ನೇ ಕೇಳಬೇಕು ಎಂದು ನಾನು ನಂಬಿದ್ದ ಕಾಲವದು. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಹೀಗಾಗಿ ಪಕ್ಕದ ಮನೆಯ ಷಬಾನ ತನ್ನ ಗಾಜಿನ ಮೀನು ತೊಟ್ಟಿಯನ್ನು ತಂದು ನಮ್ಮ ಜಗುಲಿಯಲ್ಲಿಟ್ಟಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಷಬಾನ ನನ್ನ ಹಳೆಯ ವಿದ್ಯಾರ್ಥಿನಿ. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ತೆರಕಣಾಂಬಿ ಕಡೆಯ ಕೆರೆಯಿಂದ ತಂದ ಜಿಲೇಬಿ ಮೀನು ಹೇಗೆ ಮರಿ ಮಾಡುತ್ತದೆ ಎನ್ನುವುದೇ ಅವಳ ಸಂಶೋಧನೆ. ಹಿಂದೆ ಎರಡು ಸಲ ಕೆಟ್ಟಿತ್ತು. ಈ ಸಲ ಮರಿಗಳಾದರೆ ಪರೀಕ್ಷೆಗೆ ಒಯ್ದು ತೋರಿಸಬೇಕಿತ್ತು. ಅಷ್ಟರಲ್ಲಿ ಚಾಮರಾಜನಗರದಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ ಬಂತು. ಮನೆಯವರೆಲ್ಲ ಬೀಗ ಹಾಕಿ ಹೊರಟಿದ್ದರು.

"ಸಾರ್, ಇದ ಸುಮ್ಕೆ ಇದ್ದಂಗೇ ಬುಟ್‌ಬುಡಿ. ಯಾಕಂದ್ರೆ ಇದೀಗ..." ಎಂದು ಅವಳು ಶುರುಮಾಡಿದಳು.

ನಾನು ಮುಂದಕ್ಕೆ ಬಿಡಲಿಲ್ಲ. ಅವತ್ತು ಬೆಳಿಗ್ಗೆ ಪೇಪರಿನಲ್ಲಿ ನಕ್ಷತ್ರಗಳ ವಿಷಯ ಓದಿದ್ದೆ. ಎಳೆಯ ನಕ್ಷತ್ರದ ಸುತ್ತ ದೂಳಿನದೊಂದು ತಟ್ಟೆ ಇರುತ್ತದಂತೆ, ಅದು ಬದಲಾಗುತ್ತಲೇ ಇರುತ್ತದಂತೆ! ಇಂಥ ವಿಷಯ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗುತ್ತದೆಯೇ? ಒಳಗಿನಿಂದ ಊಟದ ತಟ್ಟೆ ತಂದು, ರಾಗಿ ಹಿಟ್ಟು ಉದುರಿಸಿ, ತಿರುಗಿಸಿ ತೋರಿಸಿದೆ. ಅವಳು "ಹೂಂ ಸಾರ್, ಹೂಂ ಸಾರ್" ಎನ್ನುತ್ತ ಮೀನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಅಪ್ಪ ಬಸ್ಸಿಗೆ ಹೊತ್ತಾಯಿತೆಂದು ಕರೆದರು.

"ಓಗು ಕಣಮ್ಮಿ. ಮೀನಿನ ಇಚಾರ ನಂಗ್ ಬುಡು" ಎಂದೆ.

ನಮ್ಮದು ಲಿಂಗಾಯತರ ಮನೆ. ಮೀನು ಜಗುಲಿ ದಾಟಿ ಒಳಗೆ ಬರಕೂಡದೆಂದು ನಮ್ಮಾಕೆಯ ಕಟ್ಟಪ್ಪಣೆಯಾಗಿತ್ತು. ಆದರೆ ಮನೆಗೆ ಬಂದವರು ಉಣ್ಣದೆ ಇದ್ದರೆ ಅವಳಿಗೂ ಅನ್ನ ಇಳಿಯುವುದಿಲ್ಲ. ಸಂಜೆ ನೋಡಿದರೆ ತೊಟ್ಟಿಯ ಮುಂದೆಯೇ ಕೂತಿದ್ದಳು.

"ಬೆಳಿಗ್ಗೆಯಿಂದ ಒಂದಗುಳೂ ಮುಟ್ಟಿಲ್ಲ ಕಣ್ರೀ. ದವಡೆ ಬ್ಯಾರೆ ಊದ್ಕಂಡದೆ."

ನಾನು ಕನ್ನಡಕ ಹಾಕಿಕೊಂಡು ಕೂಲಂಕಷವಾಗಿ ಪರಿಶೀಲಿಸಿದೆ.

"ಮಂಗನಬಾವು" ಎಂದೆ.

ಚಿಕಿತ್ಸೆ ಆರಂಭವಾಯಿತು. ಅನ್ನ ಹಾಕಿದೆವು, ಅವಲಕ್ಕಿ ಹಾಕಿದೆವು, ಮುದ್ದೆಯ ಚೂರು ಹಾಕಿದೆವು. ನೀರು ಅಂಬಲಿಯಾಯಿತೇ ಹೊರತು ಮೀನು ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮಾಕೆ ಮಕ್ಕಳಿಗೆ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದಳು.

"ನೀವು ಹಿಡ್ಕಳಿ, ನಾನು ಗಂಜಿ ಉಯ್ತೀನಿ."

ಜೀವಮಾನದಲ್ಲಿ ಮೀನು ಮುಟ್ಟಿದವನಲ್ಲ ನಾನು. ಟೀ ಸೋಸುವ ಜಾಲರಿ ಹಿಡಿದು ಬೆನ್ನಟ್ಟಿದೆ. ಪಂಚೆ ತೊಯ್ದಿತು, ಕನ್ನಡಕ ತೊಟ್ಟಿಯೊಳಕ್ಕೆ ಬಿತ್ತು. ಮೂಲೆಗೆ ಸಿಕ್ಕಿದ ಮೀನು ನನ್ನನ್ನೊಮ್ಮೆ ನೋಡಿ ಗುಳುಗುಳು ನುಂಗಿತು. ದವಡೆಯ ಊತ ಮಾಯ! ಒಳಲೆಯ ಅಗತ್ಯವೇ ಬೀಳಲಿಲ್ಲ. ಮರುದಿನ ಕಡ್ಲೆಪುರಿ ಹಾಕಿದರೆ ಓಡೋಡಿ ಬಂದು ತಿಂದಿತು. ನಮ್ಮಾಕೆ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ ಕೈಮುಗಿದಳು.

ನಾನು ತಡಮಾಡದೆ ಷಬಾನಳ ಅಪ್ಪನ ಮೊಬೈಲಿಗೆ ಫೋನು ಮಾಡಿ ಅವಳನ್ನು ಕರೆಸಿದೆ.

"ಅಮ್ಮಿ, ನಿನ್ ಮೀನ ವಾಸಿ ಮಾಡ್ಬುಟ್ಟೆ. ದವಡೆ ಊತ ಪೂರ್ತಿ ಇಳ್ದದೆ. ಈಗ ಚೆನ್ನಾಗಿ ಉಣ್ತಾ ಅದೆ."

ಆ ಕಡೆ ಮದುವೆ ಮನೆಯ ಗದ್ದಲ. ಅದರ ನಡುವೆಯೇ ಷಬಾನ ಮೆಲ್ಲಗೆ ಹೇಳಿದಳು.

"ಸಾರ್, ಅದು ಊತ ಅಲ್ಲ, ಮೊಟ್ಟೆ. ಮರಿ ಆಗೋವರ್ಗೂ ಈ ಮೀನು ಮೊಟ್ಟೆನೆಲ್ಲ ಬಾಯಲ್ಲೇ ಇಟ್ಕಂಡಿರ್ತದೆ. ಅಲ್ಲೀಗಂಟ ಏನೂ ತಿನ್ನಲ್ಲ. ಎದ್ರುಕಂಡ್ರೆ ನುಂಗ್‌ಬುಡ್ತದೆ."

ನಮ್ಮಾಕೆಗೆ ತಿಳಿಸಿದೆ. ಒಳಲೆಯನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದವಳು ಅಲ್ಲೇ ಕೂತಳು.

"ಬಾಣಂತೀನ ಅಟ್ಟಾಡಿಸ್‌ಬುಟ್ವಲ್ಲ ಕಣ್ರೀ."

ಅವತ್ತು ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮದುವೆ ಮುಗಿಸಿ ಬಂದ ಷಬಾನ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪರೀಕ್ಷೆಗೆ ಇನ್ನಷ್ಟು ಸಮಯ ಕೇಳಬೇಕೆಂದು ನಮ್ಮ ಮನೆಯ ಫೋನಿನಿಂದಲೇ ಮೈಸೂರಿನ ತನ್ನ ಮೇಷ್ಟರಿಗೆ ಫೋನು ಮಾಡಿದಳು. ಅವರದು ದೊಡ್ಡ ಗಂಟಲು, ದೂರದಲ್ಲಿ ನಿಂತ ನನಗೂ ಕೇಳಿಸುತ್ತಿತ್ತು.

"ಮೀನನ್ನ ಹೆದರಿಸಿದ್ದು ಯಾರಮ್ಮ? ಬೆಕ್ಕೇನಾದ್ರೂ ಬಂದಿತ್ತಾ?"

ಷಬಾನ ತಿರುಗಿ ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಅವಳು ತಂದುಕೊಟ್ಟ ಮದುವೆ ಸಿಹಿಯ ಡಬ್ಬಿ ಇತ್ತು.

"ಹೂಂ ಸಾರ್, ಬೆಕ್ಕು" ಎಂದಳು.

ಹುಟ್ಟಾ ಸಸ್ಯಾಹಾರಿಯಾದ ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ.